ಹಳೇ ಪೇಟೆಯ ಮನೆ: ಕೆಡವುವುದೋ, ಬಿಗಿ ಮಾಡುವುದೋ?

ಕೇಳಿದ್ದು, ಮಂಗಳೂರಿನಿಂದ:

ರಥಬೀದಿಗೆ ತಾಗಿದ ಓಣಿಯಲ್ಲಿ ನಮ್ಮದೊಂದು ಹಳೇ ಮನೆ ಉಂಟು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಕೆಳಗೆ ಅಂಗಡಿ, ಮಹಡಿಯಲ್ಲಿ ನಾವು. 2022ರ ಜೂನ್‌ನಲ್ಲಿ ಸುಳ್ಯ, ಸಂಪಾಜೆ ಕಡೆ ಭೂಮಿ ಕಂಪಿಸಿದ ಮೇಲೆ ಅಮ್ಮನಿಗೆ ಹೆದರಿಕೆ ಶುರುವಾಗಿದೆ. ಓಣಿಯ ಕೆಲವರು ಎಲ್ಲಾ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುವ ಅಂತಿದ್ದಾರೆ. ಭೂಕಂಪವಾದ ಹಳೇ ಊರನ್ನು ಮತ್ತೆ ಕಟ್ಟಿದ್ದನ್ನು ಹತ್ತಿರದಿಂದ ಕಂಡವರಿದ್ದರೆ ದಯವಿಟ್ಟು ಹೇಳಿ.

ಉತ್ತರ, ಮಣಿಪಾಲದಿಂದ:

ನಾನು ಸಿವಿಲ್ ಇಂಜಿನಿಯರ್. 2001ರ ಜನವರಿ 26ರ ಭೂಕಂಪದ ನಂತರ ಗುಜರಾತ್‌ನ ಭುಜ್‌ನಲ್ಲಿ ಕೆಲಸಕ್ಕಿದ್ದೆ. ಮೊದಲಿಗೆ ಅಮ್ಮನಿಗೆ ಧೈರ್ಯ ಹೇಳಿ. ಭೂಕಂಪ ತಡೆಯುವಂತೆ ಕಟ್ಟುವ ಭಾರತೀಯ ಮಾನದಂಡ ಐಎಸ್ 1893ರ 2016ರ ನಕ್ಷೆಯಲ್ಲಿ ಭುಜ್ ಅತಿ ಹೆಚ್ಚು ಅಪಾಯದ ವಲಯ 5ರಲ್ಲಿದೆ, ನಮ್ಮ ಕರಾವಳಿ ಅದಕ್ಕಿಂತ ಎರಡು ಮೆಟ್ಟಿಲು ಕಡಿಮೆಯ ವಲಯ 3ರಲ್ಲಿ. ಹಾಗಂತ ಏನೂ ಮಾಡದೆ ಕೂರುವುದೂ ಬೇಡ.

ಭುಜ್‌ನ ಕೋಟೆಯೊಳಗಿನ ಪೇಟೆ ನಮ್ಮ ಬಂದರಿನ ಓಣಿಗಳಷ್ಟೇ ಇಕ್ಕಟ್ಟು. ಎರಡೂ ಬದಿಯ ಮನೆಗಳು ಓಣಿಗೇ ಕುಸಿದದ್ದರಿಂದ ಒಳಗೆ ಸಿಕ್ಕಿಬಿದ್ದವರ ಹತ್ತಿರ ಯಂತ್ರ ಹೋಗಲು ದಾರಿಯೇ ಇರಲಿಲ್ಲ. ಹಾಗಾಗಿ ಮತ್ತೆ ಕಟ್ಟುವಾಗ ರಸ್ತೆ ಅಗಲ ಮಾಡುವುದೇ ದೊಡ್ಡ ಕೆಲಸವಾಯಿತು. ಎಲ್ಲರ ಜಾಗವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡು ಹೊಸದಾಗಿ ಗಡಿ ಗುರುತಿಸಿದರು. ರಸ್ತೆಗೆ ದೊಡ್ಡ ಜಾಗದವರಿಂದ ಜಾಸ್ತಿ ಪಾಲು, ಚಿಕ್ಕ ಜಾಗದವರಿಂದ ಕಡಿಮೆ. ಇದು ನ್ಯಾಯವಾದ ಕ್ರಮ ಅಂತ ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಆದರೆ ನಕ್ಷೆ ಮುಗಿಯುವವರೆಗೆ ಪೇಟೆಯೊಳಗೆ ಕಟ್ಟಲು ಬಿಡಲಿಲ್ಲ. ತಗಡಿನ ಶೆಡ್‌ನಲ್ಲಿ ಕಾದು ಬೇಸತ್ತು ಎಷ್ಟೋ ಮನೆಯವರು ಊರ ಹೊರಗಿನ ಹೊಸ ಬಡಾವಣೆಗೆ ಹೋಗಿಬಿಟ್ಟರು. ಬಾಡಿಗೆಗೆ ಇದ್ದವರ ಪಾಡು ಇನ್ನೂ ಕಷ್ಟ.

ಈಗ ನಿಮ್ಮ ಅಪಾರ್ಟ್‌ಮೆಂಟ್ ವಿಷಯ. ಅದೇ ಭೂಕಂಪಕ್ಕೆ 200 ಕಿಲೋಮೀಟರಿಗೂ ಆಚೆಯ ಅಹಮದಾಬಾದ್‌ನಲ್ಲಿ ಕಾಂಕ್ರೀಟ್ ಕಟ್ಟಡಗಳೇ ಬಿದ್ದವು. ಬಿದ್ದವುಗಳಲ್ಲಿ ಹೆಚ್ಚಿನವು ಕೆಳಗೆ ಗೋಡೆಯಿಲ್ಲದೆ, ಬರೀ ಪಿಲ್ಲರ್ ನಡುವೆ ಕಾರು ನಿಲ್ಲಿಸಲು ಜಾಗ ಬಿಟ್ಟವು. ಮೇಲಿನ ಮಹಡಿಗಳು ಗೋಡೆಗಳಿಂದ ಬಿಗಿಯಾಗಿರುತ್ತವೆ, ಕೆಳಗಿನದು ಮಾತ್ರ ಸಡಿಲ. ಕಂಪಿಸಿದಾಗ ಬಾಗುವುದೆಲ್ಲ ಆ ಪಿಲ್ಲರ್‌ಗಳೇ. ಹಾಗೆ ಕಟ್ಟುವುದಾದರೆ ಪಿಲ್ಲರ್‌ಗಳನ್ನು ಅದಕ್ಕೆ ತಕ್ಕಂತೆ ಲೆಕ್ಕ ಹಾಕಿರಬೇಕು, ಕೆಳಗೂ ಕಾಂಕ್ರೀಟ್ ಗೋಡೆ ಇರಬೇಕು. ಬಿಲ್ಡರ್ ಹತ್ತಿರ ಇದನ್ನು ನೇರವಾಗಿ ಕೇಳಿ.

ನಿಮ್ಮ ಹಳೇ ಮನೆಗೂ ಇದೇ ಕಾಯಿಲೆ ಬಂದಿರಬಹುದು. ಅಂಗಡಿಗೆ ಶಟರ್ ಕೂರಿಸಲು ಎದುರಿನ ಗೋಡೆ ಒಡೆದಿದ್ದಾರಾ? ಎಷ್ಟು ಅಗಲ? ಮೂಲೆಗೆ ಎಷ್ಟು ಹತ್ತಿರ? ನಾನು ನೋಡಿದ ಹಳೇ ಪೇಟೆ ಮನೆಗಳಲ್ಲಿ ಹೆಚ್ಚಿನವಕ್ಕೆ ಅಜ್ಜನ ಕಾಲದ ಗೋಡೆಯಿಂದ ತೊಂದರೆಯಿಲ್ಲ, ಆಮೇಲೆ ಒಡೆದ ಬಾಯಿಯಿಂದಲೇ ತೊಂದರೆ. ಅಲ್ಲಿ ಎರಡು ಬದಿ ಕಂಬ, ಮೇಲೆ ಬೀಮ್, ಅಡಿಯಲ್ಲೂ ಬೀಮ್ ಕೊಟ್ಟು ಒಂದು ಚೌಕಟ್ಟು ಮಾಡಿಸಿದರೆ ಅರ್ಧ ಚಿಂತೆ ಕಳೆಯುತ್ತದೆ.

ಮಳೆ ಬಿಟ್ಟ ಮೇಲೆ ಮಾಡಿನೊಳಗೆ ಹತ್ತಿ. ಗೋಡೆಯ ತಲೆಯ ಮೇಲೆ ಪಕ್ಕಾಸು ಕೂರುವ ಜಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಹಂಚು ಸೋರಿ ಮರ ಕುಂಬಾಗಿದೆ ಅಂತ ಅರ್ಥ. ಮರ ಗಟ್ಟಿ ಇದ್ದರೂ ಗೋಡೆಗೆ ಬೋಲ್ಟ್ ಇಲ್ಲದೆ ಸುಮ್ನೆ ಕೂತಿರುತ್ತದೆ. ಕಂಪಿಸಿದಾಗ ಮಾಡು ಒಂದು ಕಡೆ, ಗೋಡೆ ಒಂದು ಕಡೆ. ಮಾಡಿನ ತುದಿಯ ಮುಕ್ಕೋನ ಗೋಡೆ ಎಲ್ಲಕ್ಕಿಂತ ಮೊದಲು ಹೊರಗೆ ಬೀಳುತ್ತದೆ, ಅದನ್ನು ಪಕ್ಕಾಸಿಗೆ ಕಟ್ಟಬೇಕು. ಕಿಟಕಿ ಬಾಗಿಲ ಮೇಲಿನ ಮಟ್ಟದಲ್ಲಿ ಮನೆ ಸುತ್ತ, ಒಳಗೂ ಹೊರಗೂ, ಕಬ್ಬಿಣದ ಜಾಲರಿಯ ಪಟ್ಟಿ ಹಾಕಿ ಗಾರೆ ಮಾಡಿಸಬಹುದು. ಹಳೇ ಮನೆ ಬಿಗಿ ಮಾಡುವ ಕ್ರಮ ಐಎಸ್ 13935ರಲ್ಲಿ ಚಿತ್ರ ಸಮೇತ ಇದೆ. ಮೇಸ್ತ್ರಿಗೆ ತೋರಿಸಿ ಮಾಡಿಸುವಷ್ಟು ಸರಳ.

ಉತ್ತರ, ಕಾರ್ಕಳದಿಂದ:

ನಮ್ಮದು ಮರದ ಕೆಲಸದ ಮನೆತನ. ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು ಸಾವಿರಾರು ಮನೆ ಬಿದ್ದಾಗಲೂ ಭಕ್ತಪುರದ ಐದು ಮಾಡಿನ ನ್ಯಾತಪೋಲ ದೇವಸ್ಥಾನ ನಿಂತಿತ್ತು. ಕಟ್ಟಿದ್ದು 1702ರಲ್ಲಿ. 1934ರ ಭೂಕಂಪವನ್ನೂ ಅದು ತಡೆದಿತ್ತು. ಕಠ್ಮಂಡುವಿನ ಕಾಷ್ಠಮಂಟಪ ಎಂಬ ಹಳೇ ಮರದ ಮಂಟಪ 2015ರಲ್ಲಿ ಬಿತ್ತು. ಅಗೆದು ನೋಡಿದರೆ ಅದರ ಅಡಿಪಾಯ ಗಟ್ಟಿಯಾಗೇ ಇತ್ತು! ಊರಿನವರು ಹಟ ಹಿಡಿದು, ಕಾಂಕ್ರೀಟ್ ಬೇಡ ಅಂತ ಹೇಳಿ, ಸಮಿತಿ ಮಾಡಿಕೊಂಡು ಮರದಲ್ಲೇ ಮತ್ತೆ ಕಟ್ಟಿದರು. ಅದನ್ನು ಓದಿ ನನಗೆ ತುಂಬಾ ಖುಷಿಯಾಯಿತು.

ಹಳೇ ಮನೆ ಬಿಚ್ಚುವವರು ಮರ ಮಾರುವ ಮುಂಚೆ ಒಬ್ಬ ಹಿರಿಯ ಆಚಾರಿಯನ್ನು ಕರೆದು ತೋರಿಸಿ. ಹಲಸು, ಸಾಗುವಾನಿಯ ಅಡ್ಡಗಳು ತುದಿ ಹಾಳಾಗಿದ್ದರೂ ನಡು ಗಟ್ಟಿ ಇರುತ್ತವೆ. ತುದಿ ಮಾತ್ರ ಕತ್ತರಿಸಿ ಹೊಸ ಮರ ಬೆಸೆಯಬಹುದು.

ಉತ್ತರ, ಉಡುಪಿಯಿಂದ:

ಕಲ್ಲು ಮರ ಆಯ್ತು, ಕಾಗದಪತ್ರ ನೋಡಿದಿರಾ? ನೇಪಾಳದಲ್ಲಿ ಸರ್ಕಾರ ಮನೆಗೆ 3 ಲಕ್ಷ ನೇಪಾಳಿ ರೂಪಾಯಿ ಕಂತಿನಲ್ಲಿ ಕೊಟ್ಟಿತು. ಹಳೇ ಪೇಟೆಗಳಲ್ಲಿ ಅದು ಸಲೀಸಾಗಿ ಸಿಗಲಿಲ್ಲ. ಒಂದೇ ಮನೆಯನ್ನು ಅಣ್ಣತಮ್ಮಂದಿರು ಉದ್ದಕ್ಕೆ ಸೀಳಿ ಪಾಲು ಮಾಡಿಕೊಂಡಿದ್ದರು, ದಾಖಲೆ ಮಾತ್ರ ಯಾರದೋ ಹೆಸರಲ್ಲಿ. ನಮ್ಮಲ್ಲಿ ಕುಟುಂಬದ ಮನೆಗಳ ಕಥೆಯೂ ಹೀಗೇ ಅಲ್ವಾ? ಅಜ್ಜಿ ಹೆಸರಲ್ಲಿ ಖಾತೆ, ಮುಂಬೈಯಲ್ಲಿ ಪಾಲುದಾರರು. ಎಲ್ಲರೂ ಊರಿಗೆ ಬರುವಾಗ ಕೂತು ಮಾತಾಡಿ ಸರಿ ಮಾಡಿಕೊಳ್ಳಿ. ಅಂಗಡಿ ಬಾಡಿಗೆಯವರ ಕರಾರನ್ನೂ ಬರಹದಲ್ಲಿ ಇಡಿ.

ಮನೆಯ ಅಳತೆ ತೆಗೆಸಿ ನಕ್ಷೆ ಮಾಡಿಸಿ, ಒಳಗೆ ಹೊರಗೆ ಫೋಟೋ ತೆಗೆದು ಒಂದು ಪ್ರತಿ ಬೇರೆ ಊರಿನ ನೆಂಟರ ಹತ್ತಿರ ಇಡಿ. ಭಾರತ ಗೃಹ ರಕ್ಷಾ ಎಂಬ ಮನೆ ವಿಮೆ ಉಂಟು, ಭೂಕಂಪವೂ ಅದರಲ್ಲಿ ಸೇರುತ್ತದೆ. ಹಳೇ ಹಂಚಿನ ಮನೆ, ಕೆಳಗೆ ಅಂಗಡಿ ಇದೆ ಅಂತ ಮೊದಲೇ ತಿಳಿಸಿ, ಒಪ್ಪಿದ್ದನ್ನು ಬರಹದಲ್ಲಿ ತೆಗೆದುಕೊಳ್ಳಿ.