ಮುಚ್ಚಳ ಮೊದಲು

ಸಿಡಿ ಪ್ಲೇಯರಿಂದ ಆಂಪ್ಲಿಫೈಯರಿಗೆ ಒಂದು ಮೀಟರ್ ವೈರು ಬೇಕಿತ್ತು. ಅಂಗಡಿಯಲ್ಲಿ ರೇಟು ಕೇಳಿದ ಮೂರ್ತಿ ಸೀದಾ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋದ. ಭಾನುವಾರ ನಾವು ಹೋದಾಗ ಊಟದ ಮೇಜಿನ ಮೇಲೆ ಸೋಲ್ಡರಿಂಗ್ ಐರನ್, ಲೆಡ್ (ತವರ-ಸೀಸ ಬೆರೆಸಿದ ಬೆಸುಗೆ ತಂತಿ), ನಾಲ್ಕು ಆರ್‌ಸಿಎ ಪಿನ್ನು.

"ಆರ್‌ಸಿಎ ಅಂದ್ರೆ ಏನೋ?" ಸೀನ ಕೇಳಿದ.

"ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕ. 1930ರ ದಶಕದಲ್ಲಿ ತಮ್ಮ ರೇಡಿಯೋಗಳಿಗೆ ಅಂತ ಮಾಡಿದ್ದು."

"ನಮ್ಮಜ್ಜನ ಕಾಲದ ಪಿನ್ನು ಅನ್ನು. ಅದಕ್ಕೆ ಚಿನ್ನದ ನೀರು ಬೇರೆ!"

"ಕಿಲುಬು ಹಿಡೀಬಾರದಲ್ಲ."

ಪಿನ್ನಿಗೆ ಚಿನ್ನ ಆಯ್ತು, ವೈರಿಗೆ ಮಾತ್ರ ಮೂರ್ತಿ ದುಡ್ಡು ಬಿಚ್ಚಿರಲಿಲ್ಲ. ಕೇಬಲ್ ಟೀವಿಯವರು ಬಿಟ್ಟುಹೋದ ಕರಿ ವೈರು ಅಟ್ಟದಲ್ಲಿತ್ತು. ಅದರ ಸಿಪ್ಪೆ ಸುಲಿದು ಜಾಲರಿಗೆ ಲೆಡ್ ಇಟ್ಟ. ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉರುಳಿ ಬಿತ್ತು. ಮತ್ತೆ ಇಟ್ಟ. ಮತ್ತೆ ಉರುಳಿತು.

"ಐರನ್ ಕಾದಿಲ್ಲ," ಅಂದ ಸೀನ.

"ಲೆಡ್ 183 ಡಿಗ್ರಿಗೇ ಕರಗೋಕೆ ಶುರುವಾಗತ್ತೆ, ಕಾಯದೇ ಏನು? ಅದು ಅಲ್ಯೂಮಿನಿಯಂ ಜಾಲರಿ ಕಣೋ. ಈ ಲೆಡ್ ಅದಕ್ಕೆ ಅಂಟಲ್ಲ," ಅಂದೆ. ಮನೆಗೆ ಹೋಗಿ ಹಳೇ ಮೈಕ್ ವೈರು ಎರಡು ಮೀಟರ್ ತಂದುಕೊಟ್ಟೆ. ಒಳಗಿನ ತಂತಿ ನಡುವಿನ ಮೊಳೆಗೆ, ತಾಮ್ರದ ಜಾಲರಿ ಸುತ್ತಿನ ಬಳೆಗೆ. ಬೆಸುಗೆ ಫಳಫಳ ಹೊಳೆಯಿತು. ಮೂರ್ತಿ ಅದನ್ನು ಬೆಳಕಿಗೆ ಹಿಡಿದು ತೋರಿಸಿದ.

ಸೀನ ಮೇಜಿನಿಂದ ಏನೋ ಎತ್ತಿಕೊಂಡ. "ಈ ಮುಚ್ಚಳ ಎಲ್ಲಿಗೆ ಹಾಕೋದು?"

ಯಾರೂ ಮಾತಾಡಲಿಲ್ಲ. ಬೆಸುಗೆಗೆ ಮೊದಲೇ ಅದನ್ನು ವೈರಿಗೆ ತೂರಿಸಬೇಕಿತ್ತು. ಕತ್ತರಿಸಿ ಮತ್ತೆ ಮಾಡಿದ್ದಾಯಿತು. ಇನ್ನೊಂದು ತುದಿಗೆ ಮೂರ್ತಿ ಮರೆಯಲಿಲ್ಲ, ಮೊದಲೇ ತೂರಿಸಿದ. ತಲೆಕೆಳಗಾಗಿ.

"ಇನ್ನೊಂದ್ಸಲ ಕತ್ತರಿಸಿದ್ರೆ ಪ್ಲೇಯರನ್ನ ಆಂಪ್ಲಿಫೈಯರ್ ತಲೆ ಮೇಲೇ ಕೂರಿಸ್ಬೇಕಾಗತ್ತೆ," ಅಂದ ಸೀನ.

ಎರಡು ರೌಂಡ್ ಕಾಫಿ ಮುಗಿಯುವ ಹೊತ್ತಿಗೆ ವೈರು ಸಿದ್ಧವಾಯಿತು. ಮಲ್ಟಿಮೀಟರ್ ಹಿಡಿದರೆ ಕುಂಯ್ ಅಂತು, ಅಂದರೆ ಜೋಡಣೆ ಸರಿಯಾಗಿದೆ ಅಂತ. ತಗ್ಗಿನ ದನಿಗೆ ಹೆಸರಾದ ಕರ್ನಾಟಕ ಸಂಗೀತದ ಎಂ.ಡಿ. ರಾಮನಾಥನ್ ಸಿಡಿ ಹಾಕಿದೆವು. ಸೀನ ಕಣ್ಣು ಮುಚ್ಚಿ ತಲೆದೂಗಿದ. "ಆಹಾ! ಎಂಥಾ ಮಂದ್ರ!"

"ಇನ್ನೂ ಹಾಡೇ ಶುರುವಾಗಿಲ್ಲ ಕಣೋ. ಅದು ಕರೆಂಟಿನ ಗುಂಯ್, 50 ಹರ್ಟ್ಜ್."

ಜಾಲರಿಯ ಬೆಸುಗೆ ಒಂದು ಕಡೆ ಸುಮ್ನೆ ಮೇಲೆ ಕೂತಿತ್ತು, ಹಿಡಿದಿರಲಿಲ್ಲ. ಟೆಸ್ಟ್ ಮಾಡುವಾಗ ಮೂರ್ತಿ ಬೆರಳಿಂದ ಒತ್ತಿ ಹಿಡಿದಿದ್ದಕ್ಕೆ ಮೀಟರ್ ಕೂಗಿತ್ತು, ಅಷ್ಟೆ. ಮತ್ತೆ ಕಾಯಿಸಿ ಲೆಡ್ ಉಣಿಸಿದ ಮೇಲೆ ಗುಂಯ್ ನಿಂತಿತು. ರಾಮನಾಥನ್ ನಿಧಾನವಾಗಿ ಮೇಲೆದ್ದರು. ಮೂರ್ತಿಯ ಮುಖ ನೋಡಬೇಕಿತ್ತು.

"ಚೆನ್ನಾಗಿದೆ," ಅಂದ ಸೀನ. "ಆದ್ರೆ ಎಡಗಡೆ ಸ್ಪೀಕರ್ ಮಾತ್ರ ಹಾಡ್ತಿದೆ, ಅಲ್ವಾ?"

ಮೇಜಿನ ಮೇಲೆ ಇನ್ನೂ ಎರಡು ಪಿನ್ನು ಉಳಿದಿದ್ದವು. ಮೂರ್ತಿ ಏನೂ ಹೇಳದೆ ಮಿಕ್ಕ ವೈರು ತೆಗೆದ. ಎರಡೂ ಮುಚ್ಚಳ ಬಿಚ್ಚಿ, ತಟ್ಟೆಯಲ್ಲಿಟ್ಟು, ಮದುವೆಮನೆಯಲ್ಲಿ ತಾಳಿ ಮುಟ್ಟಿಸುವ ಹಾಗೆ ಒಬ್ಬೊಬ್ಬರ ಮುಂದೂ ಹಿಡಿದ. ಯಾವ ಬಾಯಿ ಯಾವ ಕಡೆಗೆ ಅಂತ ಮೂರೂ ಜನ ಒಪ್ಪಿದ ಮೇಲೇ ವೈರಿಗೆ ಏರಿಸಿದ.