ಅಡಮಾನ ಇಲ್ಲದೆ ಶಿಕ್ಷಣ ಸಾಲ ಎಷ್ಟು ಸಿಗುತ್ತೆ?

ಹಾಸನದಿಂದ ಪ್ರಶ್ನೆ: ಮಗಳಿಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಫೀಸು, ಹಾಸ್ಟೆಲ್ ಸೇರಿ ನಾಲ್ಕು ವರ್ಷಕ್ಕೆ 9 ಲಕ್ಷ. ಅಡವಿಡಲು ಸೈಟು, ಮನೆ ಏನೂ ಇಲ್ಲ. ಮನೆಯ ಆದಾಯ ವರ್ಷಕ್ಕೆ 6 ಲಕ್ಷ. ಗೊತ್ತಿರೋರು ತಿಳಿಸಿ.

ದಾವಣಗೆರೆ: ಸರ್, 4 ಲಕ್ಷದವರೆಗೆ ಮಾರ್ಜಿನ್ (ಖರ್ಚಿನಲ್ಲಿ ನೀವೇ ಕೈಯಿಂದ ಹಾಕೋ ಪಾಲು) ಇಲ್ಲ, ಅಡಮಾನವೂ ಇಲ್ಲ. ಅದು ದಾಟಿದರೆ ದೇಶದೊಳಗಿನ ಓದಿಗೆ ಶೇ. 5ರಷ್ಟು ನೀವು ಹಾಕಬೇಕು. 7.5 ಲಕ್ಷದವರೆಗೆ ಕೇಂದ್ರದ ಸಾಲ ಖಾತರಿ ಯೋಜನೆ ಇದೆ. ಅದರಡಿ ಆಸ್ತಿಯೂ ಬೇಡ, ಹೊರಗಿನ ಜಾಮೀನೂ ಬೇಡ. ತಂದೆಯೋ ತಾಯಿಯೋ ಸಹ-ಸಾಲಗಾರರಾಗಿ ಸಹಿ ಹಾಕಬೇಕು, ಅಷ್ಟೇ. ನಿಮ್ಮ 9 ಲಕ್ಷದಲ್ಲಿ ಮಾರ್ಜಿನ್ ಕಳೆದರೂ 8.55 ಲಕ್ಷ ಆಗುತ್ತೆ, ಅಲ್ಲಿಗೆ ಆಸ್ತಿ ಪತ್ರ ಕೇಳ್ತಾರೆ. ಆದ್ದರಿಂದ ಅರ್ಜಿಯಲ್ಲೇ 7.5 ಲಕ್ಷ ಅಂತ ಬರೆಯಿರಿ. ಉಳಿದ 1.5 ಲಕ್ಷ ವರ್ಷಕ್ಕೆ 37,500ರಂತೆ ಹಂಚಿಕೊಳ್ಳಿ. ಮಾರ್ಜಿನ್ನೂ ವರ್ಷವರ್ಷ ಹಣ ಬಿಡುಗಡೆ ಆಗುವಾಗ ಕಟ್ಟಿದರಾಯ್ತು. ಸ್ಕಾಲರ್‌ಶಿಪ್ ಬಂದರೆ ಅದನ್ನೂ ಅದರಲ್ಲೇ ಲೆಕ್ಕ ಹಿಡೀತಾರೆ.

ಧಾರವಾಡ: ಅದಕ್ಕೂ ಮೊದಲು ನಿಮ್ಮ ಕಾಲೇಜು ಪಿಎಂ-ವಿದ್ಯಾಲಕ್ಷ್ಮಿ ಪಟ್ಟಿಯೊಳಗ ಐತೇನು ನೋಡ್ರಿ. ಅದು 2024ರ ನವೆಂಬರಿನಾಗ ಮಂಜೂರಾದ ಕೇಂದ್ರದ ಶಿಕ್ಷಣ ಸಾಲ ಯೋಜನೆ. ಪಟ್ಟಿಯೊಳಗಿದ್ರ ಪೂರಾ ಖರ್ಚಿಗೂ ಅಡಮಾನ, ಜಾಮೀನು ಕೇಳೂದಿಲ್ಲ. ಆದಾಯ 8 ಲಕ್ಷದೊಳಗಿದ್ರ 10 ಲಕ್ಷದವರೆಗಿನ ಸಾಲಕ್ಕ ಓದೋ ಅವಧಿ ಮತ್ತ ಅದು ಮುಗಿದ ಮ್ಯಾಲಿನ ಒಂದು ವರ್ಷ ಬಡ್ಡಿ ಶೇ. 3 ಕಡಿಮೆ. ಆದ್ರ ಇದು ತಾನಾಗೇ ಬರೂದಿಲ್ಲರಿ, ಪೋರ್ಟಲ್‌ನಾಗ ಬ್ಯಾರೆ ಅರ್ಜಿ ಹಾಕಬೇಕು. ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ರಿ.

ಮಂಗಳೂರು: ಹೆಚ್ಚಿನವರು ಎಡವುವುದು ಖರ್ಚಿನ ಪಟ್ಟಿಯಲ್ಲಿ. ಕಾಲೇಜಿನಿಂದ ಮೊದಲ ವರ್ಷದ ಫೀಸಿನ ಪತ್ರ ಮಾತ್ರ ತಂದರೆ ಮಂಜೂರಾತಿಯೂ ಅಷ್ಟಕ್ಕೇ ನಿಲ್ಲುತ್ತದೆ. ಆಮೇಲೆ ಏರಿಸಲು ಮತ್ತೆ ಹೊಸ ಅರ್ಜಿಯಷ್ಟೇ ಓಡಾಟ. ನಾಲ್ಕೂ ವರ್ಷದ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಬಿಡಿಬಿಡಿಯಾಗಿ ಬರೆಸಿ, ಲೆಟರ್‌ಹೆಡ್‌ನಲ್ಲಿ ಸೀಲು ಹಾಕಿಸಿ.

ಬಡ್ಡಿಯ ಲೆಕ್ಕವನ್ನೂ ಮಾಡಿ. 7.5 ಲಕ್ಷ ನಾಲ್ಕು ಸಮ ಕಂತಿನಲ್ಲಿ, ಪ್ರತಿ ವರ್ಷದ ಆರಂಭಕ್ಕೆ ಬಿಡುಗಡೆ ಆಗುತ್ತದೆ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಕೋರ್ಸ್ ಮುಗಿದು, ಕಂತು ಕಟ್ಟಬೇಕಿಲ್ಲದ ಒಂದು ವರ್ಷ ತೀರುವ ಹೊತ್ತಿಗೆ ಸರಳ ಬಡ್ಡಿಯೇ 2,62,500 ರೂಪಾಯಿ. ಆ ಶೇ. 3 ಕಡಿತ ಸಿಕ್ಕಿ ಶೇ. 7 ಆದರೆ 1,83,750. ಓದುವಾಗಲೇ ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಾ ಹೋದರೆ ಅದು ಅಸಲಿಗೆ ಸೇರುವುದಿಲ್ಲ, ಇಎಂಐ 7.5 ಲಕ್ಷದ ಮೇಲೆ ಮಾತ್ರ ಬೀಳುತ್ತದೆ. ಮೊದಲ ವರ್ಷ ಆ ಬಡ್ಡಿ ಶೇ. 10ರಂತೆ ತಿಂಗಳಿಗೆ ಸುಮಾರು 1,560 ರೂಪಾಯಿ.