ಒಂದೇ ನಿಮಿಷಕ್ಕೆ ಸಾವಿರಾರು ಜನ ಬಂದರೆ: ಲೋಡ್ ಟೆಸ್ಟ್‌ಗೆ ಕ್ಲೌಡ್ ಬೇಕಾ?

ಮಲೆನಾಡಿಗ: ಪ್ರವೇಶ ಅರ್ಜಿ ತುಂಬುವ ಒಂದು ಸೈಟನ್ನು ನಾವು ನೋಡಿಕೊಳ್ಳುತ್ತೇವೆ. ಹೋದ ವರ್ಷ ಬೆಳಿಗ್ಗೆ 10ಕ್ಕೆ ಅರ್ಜಿ ತೆರೆದೆವು. ಐದೇ ನಿಮಿಷಕ್ಕೆ ಸೈಟ್ ಬಿತ್ತು. ಸೈಬರ್ ಸೆಂಟರ್‌ನಲ್ಲಿ ಕಾದ ಮಕ್ಕಳು ಸಂಜೆ ಬಸ್ಸಿಗೆ ಬರಿಗೈಲಿ ಹೊರಟರು. ಅದು ಇನ್ನೂ ಮನಸ್ಸು ಕೊರೆಯುತ್ತಿದೆ. ಈ ಸಲ ಮೊದಲೇ ಸರಿಯಾಗಿ ಲೋಡ್ ಟೆಸ್ಟ್ ಮಾಡಬೇಕು, ಅಂದರೆ ನಕಲಿ ಯೂಸರ್ ಗುಂಪನ್ನು ಒಮ್ಮೆಲೇ ಕಳಿಸಿ ಸೈಟ್ ತಡೆಯುತ್ತದಾ ಅಂತ ನೋಡಬೇಕು. ಆದರೆ ಲ್ಯಾಪ್‌ಟಾಪ್‌ನಲ್ಲಿ ಜೆಮೀಟರ್ ಅನ್ನುವ ಟೆಸ್ಟ್ ಟೂಲ್ ಹಾಕಿ 5,000 ಯೂಸರ್ ಕೊಟ್ಟರೆ ಲ್ಯಾಪ್‌ಟಾಪೇ ನಿಂತುಹೋಗುತ್ತದೆ. ಬ್ಲೇಜ್‌ಮೀಟರ್, ಗ್ರಫಾನಾ ಕ್ಲೌಡ್ ಕೆ6, ಅಜೂರ್ ಲೋಡ್ ಟೆಸ್ಟಿಂಗ್, ಹೀಗೆ ಕ್ಲೌಡ್ ಯಂತ್ರಗಳಿಂದ ಟೆಸ್ಟ್ ಓಡಿಸಿಕೊಡುವ ಸೇವೆಗಳಿಗೆ ದುಡ್ಡು ಹಾಕಬಹುದಾ?

ಹಳೇಬೇರು: ಸುಮ್ನೆ ಯಾಕೆ ದುಡ್ಡು? ಜೆಮೀಟರ್ 1998ರಿಂದ ಇದೆ, ಪುಕ್ಕಟೆ. ನೀವು ಅದರ ವಿಂಡೋ ತೆರೆದುಕೊಂಡು, ಗ್ರಾಫ್ ನೋಡುತ್ತಾ ಓಡಿಸುತ್ತಿದ್ದೀರಿ ಅನ್ನಿಸುತ್ತದೆ. ಆ ವಿಂಡೋ ಇರುವುದು ಸ್ಕ್ರಿಪ್ಟ್ (ನಕಲಿ ಯೂಸರ್ ಏನೇನು ಮಾಡಬೇಕು ಅನ್ನುವ ಪಟ್ಟಿ) ಕಟ್ಟುವುದಕ್ಕೆ. ಟೆಸ್ಟ್ ಓಡಿಸಬೇಕಾದದ್ದು ವಿಂಡೋ ಇಲ್ಲದ ಕಮಾಂಡ್ ಲೈನ್‌ನಿಂದ. ಅದೂ ಸಾಲದಿದ್ದರೆ ನಿಮ್ಮ ಯಂತ್ರದಲ್ಲೇ ಓಡುವ ಕೆ6 ಟೂಲ್ ನೋಡಿ. ಜೆಮೀಟರ್ ಒಬ್ಬೊಬ್ಬ ಯೂಸರ್‌ಗೂ ಒಂದೊಂದು ಥ್ರೆಡ್ (ಮೆಮೊರಿ ತಿನ್ನುವ ಪ್ರತ್ಯೇಕ ಕೆಲಸದ ಎಳೆ) ಇಡುತ್ತದೆ. ಕೆ6 ಗೋ ಭಾಷೆಯಲ್ಲಿದೆ, ಅದೇ ಮೆಮೊರಿಯಲ್ಲಿ ಜಾಸ್ತಿ ಜನರನ್ನು ಹೊರುತ್ತದೆ.

ಕೋಡುಗಾರ್ತಿ: ಒಪ್ಪಲಾರೆ. ಮೆಮೊರಿ ಒಂದೇ ಅಡ್ಡಿ ಅಲ್ಲ. ಲಿನಕ್ಸ್ ಯಂತ್ರದಲ್ಲಿ ಹೊರಗೆ ಹೋಗುವ ಸಂಪರ್ಕಕ್ಕೆ ಮಾಮೂಲಾಗಿ ಸಿಗುವುದು 32768ರಿಂದ 60999ರವರೆಗಿನ ಪೋರ್ಟ್‌ಗಳು, ಅಂದರೆ ಸುಮಾರು 28,000. ಒಂದೊಂದು ಸಂಪರ್ಕಕ್ಕೂ ಒಂದೊಂದು ಪೋರ್ಟ್ ನಂಬರ್ ಬೇಕು. ಒಂದೇ ವಿಳಾಸದಿಂದ ಒಂದೇ ಸರ್ವರ್‌ಗೆ ಬೇಡಿಕೆಗಳನ್ನು ಹೊಡೆದರೆ ಅದು ಬೇಗ ಮುಗಿಯುತ್ತದೆ. ಅದಕ್ಕೂ ಮೊದಲೇ ಆಫೀಸಿನ ಇಂಟರ್‌ನೆಟ್ ತುಂಬಿಹೋಗುತ್ತದೆ. ಆಗ ನೀವು ಅಳೆಯುತ್ತಿರುವುದು ಸೈಟನ್ನಲ್ಲ, ನಿಮ್ಮದೇ ಲೈನನ್ನು. ಕ್ಲೌಡ್ ಟೂಲ್ ಹಲವು ಯಂತ್ರಗಳಿಂದ, ಮುಂಬೈಯ ಡೇಟಾ ಸೆಂಟರ್‌ನಿಂದಲೇ ಬೇಕಿದ್ದರೂ ಹೊಡೆಯುತ್ತದೆ. ಕೆಲಸ ಮುಗಿದ ಮೇಲೆ ಆ ಯಂತ್ರಗಳ ಗೊಡವೆ ನಿಮಗಿಲ್ಲ.

ಹಳೇಬೇರು: ಒಂದು ಗಂಟೆಗೆ ನಾಲ್ಕು ಯಂತ್ರ ಬಾಡಿಗೆಗೆ ತೆಗೆದುಕೊಂಡು ನಾವೇ ಅದನ್ನು ಮಾಡಬಹುದು ಅಲ್ವಾ?

ಕೋಡುಗಾರ್ತಿ: ಮಾಡಬಹುದು. ನಾಲ್ಕರ ಫಲಿತಾಂಶ ಒಟ್ಟುಗೂಡಿಸುವಾಗ ಎಡವುತ್ತೀರಿ. ನಾಲ್ಕು ಯಂತ್ರಗಳ ಪಿ95 (ನೂರರಲ್ಲಿ 95 ಬೇಡಿಕೆಗಳಿಗೆ ಎಷ್ಟು ಸಮಯದೊಳಗೆ ಉತ್ತರ ಸಿಕ್ಕಿತು ಅನ್ನುವ ಅಂಕಿ) ಸೇರಿಸಿ ಸರಾಸರಿ ತೆಗೆದರೆ ಅದು ಒಟ್ಟಾರೆ ಪಿ95 ಆಗುವುದಿಲ್ಲ. ಇದನ್ನೇ ತಪ್ಪು ಮಾಡಿದ ವರದಿಗಳನ್ನು ನಾನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ.

ಕರಾವಳಿ_ಅಲೆ: ಇಬ್ಬರೂ ಯಂತ್ರದ ಮಾತಾಡುತ್ತಿದ್ದೀರಿ. ನನಗೆ ಕಾಳಜಿ ಇರುವುದು ಆ 5,000 ಅನ್ನುವ ಸಂಖ್ಯೆಯ ಬಗ್ಗೆ. ಲೆಕ್ಕ ಹಾಕಿ. ಪುಟ ಬರಲು 1 ಸೆಕೆಂಡ್, ಓದಿ ತುಂಬಲು 19 ಸೆಕೆಂಡ್ ಅಂದುಕೊಳ್ಳೋಣ. 5,000 ಜನ ಸೇರಿ ಸೆಕೆಂಡಿಗೆ ಕೇಳುವುದು 250 ಪುಟ. ಸ್ಕ್ರಿಪ್ಟ್‌ನಲ್ಲಿ ಆ 19 ಸೆಕೆಂಡಿನ ಬಿಡುವು ಹಾಕದೆ ಹೋದರೆ ಅದೇ 5,000 ಯೂಸರ್ ಸೆಕೆಂಡಿಗೆ 5,000 ಪುಟ ಕೇಳುತ್ತಾರೆ. ಇಪ್ಪತ್ತು ಪಟ್ಟು ಫರಕು!

ಇದರ ಉಲ್ಟಾ ಮೋಸವೂ ಇದೆ. ಸರ್ವರ್ ನಿಧಾನವಾದರೆ ಟೂಲ್‌ನ ಯೂಸರ್‌ಗಳೂ ಉತ್ತರಕ್ಕೆ ಕಾಯುತ್ತಾ ನಿಲ್ಲುತ್ತಾರೆ, ಹೊಸ ಬೇಡಿಕೆ ತಾನಾಗಿ ಕಡಿಮೆಯಾಗುತ್ತದೆ. ನಿಜವಾದ ಜನ ಹಾಗಲ್ಲ. ಮುಂದಿನವರ ಕೆಲಸ ಮುಗಿಯಲಿ ಅಂತ ಯಾರೂ ಕಾಯುವುದಿಲ್ಲ, ಬರುತ್ತಲೇ ಇರುತ್ತಾರೆ, ಮತ್ತೆ ಮತ್ತೆ ರಿಫ್ರೆಶ್ ಒತ್ತುತ್ತಾರೆ. ಅದಕ್ಕೇ ಕೆ6ನಲ್ಲಿ ಅರೈವಲ್ ರೇಟ್ ಇಟ್ಟು ಓಡಿಸಿ. ಸೆಕೆಂಡಿಗೆ ಇಷ್ಟು ಹೊಸ ಬೇಡಿಕೆ ಅಂದರೆ ಅಷ್ಟು ಬರಲೇಬೇಕು, ಸರ್ವರ್ ಏನಾದರೂ ಆಗಲಿ.

ಮಲೆನಾಡಿಗ: ಇದು ನನಗೆ ಹೊಳೆದೇ ಇರಲಿಲ್ಲ. ಹೋದ ವರ್ಷ ಟೆಸ್ಟ್ ಪಾಸಾಗಿತ್ತು. ಆದರೂ ಸೈಟ್ ಬಿದ್ದದ್ದು ಯಾಕೆ ಅಂತ ಈಗ ಸ್ವಲ್ಪ ಅರ್ಥವಾಯಿತು. ನಾವು ಮುಖಪುಟವನ್ನು ಮಾತ್ರ ಹೊಡೆದಿದ್ದೆವು.

ಕೋಡುಗಾರ್ತಿ: ಮುಖಪುಟ, ಪುಟದ ನಕಲು ಇಟ್ಟು ಹಂಚುವ ಬೇರೆ ಸರ್ವರ್‌ಗಳಾದ ಸಿಡಿಎನ್‌ನಿಂದ ಬರುತ್ತಿದ್ದರೆ ನಿಮ್ಮ ಸರ್ವರ್‌ಗೆ ಏಟೇ ಬಿದ್ದಿಲ್ಲ. ಲಾಗಿನ್‌ನಿಂದ ಹೊಡೆಯಿರಿ. ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ ಸೈಟ್ ಹೆಲ್ತ್‌ಕೇರ್ ಡಾಟ್ ಗೌ 2013ರ ಅಕ್ಟೋಬರ್ 1ರಂದು ಶುರುವಾದಾಗ ಖಾತೆ ತೆರೆಯುವ ಹಂತದಲ್ಲೇ ಜನ ಸಿಕ್ಕಿಕೊಂಡರು. ಮೊದಲ ದಿನ ನೋಂದಣಿ ಮುಗಿಸಿದವರು 6 ಜನ.

ಕರಾವಳಿ_ಅಲೆ: ನಮ್ಮಲ್ಲೂ ನೋಡಿದ್ದೇವೆ. 2021ರ ಏಪ್ರಿಲ್ 28ರಂದು ಕೋವಿನ್‌ನಲ್ಲಿ 18 ದಾಟಿದವರ ನೋಂದಣಿ ತೆರೆದಾಗ ಎಷ್ಟೋ ಜನ ಒಟಿಪಿಗಾಗಿ ಕಾದು ಕೂತರು. ಆದರೆ ಹುಷಾರು, ಟೆಸ್ಟ್‌ನಲ್ಲಿ ನಿಜವಾದ ಎಸ್ಸೆಮ್ಮೆಸ್, ಪೇಮೆಂಟ್ ಗೇಟ್‌ವೇಗಳನ್ನು ಹೊಡೆಯಬೇಡಿ. ಅವು ಬೇರೆಯವರ ಸರ್ವರ್. ಅವುಗಳ ಜಾಗದಲ್ಲಿ ಎರಡು ಸೆಕೆಂಡ್ ತಡವಾಗಿ ಉತ್ತರಿಸುವ ನಕಲಿ ಸೇವೆ ಇಡಿ.

ಹಳೇಬೇರು: ಸರಿ, ನನ್ನ ಮಾತು ಸ್ವಲ್ಪ ಬದಲಿಸುತ್ತೇನೆ. ಮೊದಲು ಸಣ್ಣ ಟೆಸ್ಟ್‌ಗಳನ್ನು ನಿಮ್ಮ ಯಂತ್ರದಲ್ಲೇ ಓಡಿಸಿ. ಅರ್ಧ ತಪ್ಪು ಅಲ್ಲೇ ಸಿಗುತ್ತದೆ, ಒಂದು ಪೈಸೆ ಖರ್ಚಿಲ್ಲದೆ. ಕೊನೆಯ ದೊಡ್ಡ ಓಟಕ್ಕೆ ಕ್ಲೌಡ್ ತೆಗೆದುಕೊಳ್ಳಿ. ಕೆ6ನ ಸ್ಕ್ರಿಪ್ಟ್ ಎರಡೂ ಕಡೆ ನಡೆಯುತ್ತದೆ.

ಮಲೆನಾಡಿಗ: ಹಾಗೇ ಮಾಡುತ್ತೇನೆ. ಪರೀಕ್ಷೆಗೆಂದೇ ಇಟ್ಟ ಸ್ಟೇಜಿಂಗ್ ಸರ್ವರ್ ಮೇಲೆ ಈ ಶನಿವಾರ ರಾತ್ರಿ ಮೊದಲ ಓಟ.

ಕೋಡುಗಾರ್ತಿ: ಸ್ಟೇಜಿಂಗ್ ಡೇಟಾಬೇಸ್‌ನಲ್ಲಿ ಎಷ್ಟು ಅರ್ಜಿ ಇವೆ?

ಮಲೆನಾಡಿಗ: ಇನ್ನೂರು.

ಕೋಡುಗಾರ್ತಿ: ಹಾಗಾದರೆ ಶನಿವಾರಕ್ಕೆ ಮೊದಲು ಹೋದ ವರ್ಷದಷ್ಟೇ ಅರ್ಜಿ ತುಂಬಿಸಿ. ಮಕ್ಕಳ ನಿಜವಾದ ಹೆಸರು, ಫೋನ್ ನಂಬರ್ ಬೇಡ, ಸೃಷ್ಟಿಸಿದ ಡೇಟಾ ಸಾಕು. ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇಲ್ಲದ ಕ್ವೆರಿ, ಅಂದರೆ ಡೇಟಾಬೇಸ್ ಹುಡುಕಾಟ, ನಿಧಾನ ಅಂತ ಇನ್ನೂರು ಸಾಲಿನಲ್ಲಿ ಗೊತ್ತೇ ಆಗುವುದಿಲ್ಲ.